ಕಂಪ್ಯೂಟರ್ ಪ್ರಶ್ನೋತ್ತರ: ವೇಗದ ಕೋರ್ ಯಾರ ಪಾಲಿಗೆ?

ಈ ಸಲ ಬಂದ ಪತ್ರಗಳಲ್ಲಿ ಪ್ರೊಸೆಸರ್ ಬಗ್ಗೆ ಕೇಳಿದವೇ ಜಾಸ್ತಿ, ಅದೂ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ. ಒಂದಕ್ಕೊಂದು ಸಂಬಂಧ ಇರುವ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದ ಇದೆ. ಉಳಿದವಕ್ಕೆಲ್ಲ ಅದೇ ಬುಡ, ಹಾಗಾಗಿ ಅದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಪ್ರಶ್ನೆ: ಶರಣು ಸರ್. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಕುಬಸ, ಜವಳ ಎಲ್ಲದರ ವಿಡಿಯೋ ಮಾಡುತ್ತೇವೆ. ಐ5-1235ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಗೊಂಡೆ, ವಿಂಡೋಸ್ 11 ಇದೆ. ಹತ್ತು ಕೋರ್ ಅಂದ್ರು. ಎಡಿಟ್ ಮಾಡಿದ್ದನ್ನು ವಿಡಿಯೋ ಫೈಲ್ ಮಾಡೋಕೆ ಎಕ್ಸ್‌ಪೋರ್ಟ್‌ಗೆ ಹಚ್ಚಿದ್ರೆ ಒಂದೊಂದು ಸಲ ಬೇಗ ಮುಗಿಯುತ್ತೆ, ಒಂದೊಂದು ಸಲ ಅಷ್ಟೇ ಉದ್ದದ ವಿಡಿಯೋಗೆ ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು. ನಿಧಾನ ಆದಾಗ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಮೇಲಿನ ನಾಲ್ಕು ಡಬ್ಬಿ ಖಾಲಿ, ಉಳಿದ ಎಂಟು ಪೂರ್ತಿ ತುಂಬಿರುತ್ತವೆ. ಲೈಟ್ ಹೋದಾಗಲೇ ಹೀಗೆ ಅಂತ ನನ್ನ ಅನುಮಾನ. ಅಂಗಡಿಯವರು ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೀರಿ ಅಂತಾರೆ. ಹೊಡೀಲಾ?

ಉತ್ತರ: ಬೇಡ. ಇದು ವೈರಸ್ ಲಕ್ಷಣ ಅಲ್ಲ. ನಿಮ್ಮ ಅನುಮಾನ ಸರಿಯಾಗಿದೆ, ಆದರೆ ಅರ್ಧ ಮಾತ್ರ. ಉಳಿದರ್ಧ ನೀವು ಪತ್ರದಲ್ಲಿ ಬರೆದಿಲ್ಲ, ಆದರೂ ಊಹಿಸಬಹುದು: ಎಕ್ಸ್‌ಪೋರ್ಟ್ ಶುರು ಮಾಡಿ, ಆ ವಿಂಡೋ ಮಿನಿಮೈಸ್ ಮಾಡಿ, ಆಲ್ಬಂ ಕೆಲಸವನ್ನೋ ಯೂಟ್ಯೂಬನ್ನೋ ತೆಗೆದುಕೊಂಡು ಕೂತಿರುತ್ತೀರಿ. ಅಲ್ವಾ?

ಮೊದಲು ಆ ಹತ್ತು ಕೋರ್‌ನ ಲೆಕ್ಕ ನೋಡೋಣ. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ. ನಿಮ್ಮ ಪ್ರೊಸೆಸರ್‌ನಲ್ಲಿ ದೊಡ್ಡ ಕೋರ್ ಇರುವುದು ಎರಡೇ. ಉಳಿದ ಎಂಟು ಸಣ್ಣವು. ಇಂಟೆಲ್‌ನವರು ದೊಡ್ಡದನ್ನು ಪಿ-ಕೋರ್, ಸಣ್ಣದನ್ನು ಇ-ಕೋರ್ ಅನ್ನುತ್ತಾರೆ. ದೊಡ್ಡದು 4.4 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಸಣ್ಣದು 3.3ರವರೆಗೆ. ಗಿಗಾಹರ್ಟ್ಸ್ ಒಂದೇ ವ್ಯತ್ಯಾಸ ಅಲ್ಲ, ಒಂದೊಂದು ಟಿಕ್‌ನಲ್ಲೂ (ಗಿಗಾಹರ್ಟ್ಸ್ ಎಣಿಸುವುದು ಈ ಟಿಕ್‌ಗಳನ್ನೇ) ದೊಡ್ಡ ಕೋರ್ ಜಾಸ್ತಿ ಕೆಲಸ ಮುಗಿಸುತ್ತದೆ. ಬದಲಿಗೆ ವಿದ್ಯುತ್ತೂ ಜಾಸ್ತಿ ಕುಡಿಯುತ್ತದೆ. ದೊಡ್ಡ ಕೋರ್ ಒಂದೊಂದರಲ್ಲೂ ಎರಡೆರಡು ಥ್ರೆಡ್ (ಪ್ರೋಗ್ರಾಂ ಕೆಲಸದ ಒಂದೊಂದು ಎಳೆ) ಓಡಬಹುದು, ಸಣ್ಣದರಲ್ಲಿ ಒಂದೊಂದೇ. ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಮಗೆ ಹನ್ನೆರಡು ಡಬ್ಬಿ ಕಾಣುತ್ತವೆ, ಮೊದಲಿನ ನಾಲ್ಕು ದೊಡ್ಡವರದ್ದು. ಖಾಲಿ ಇದ್ದದ್ದು ಅವೇ. ಅಂದರೆ ಓಡುವ ಎತ್ತುಗಳು ನೆರಳಲ್ಲಿ ಮಲಗಿದ್ದವು.

ಇದನ್ನು ಹಂಚುವುದು ಯಾರು? ಆಪರೇಟಿಂಗ್ ಸಿಸ್ಟಂ ಒಳಗೆ ಷೆಡ್ಯೂಲರ್ ಅಂತ ಒಂದು ಭಾಗ ಇದೆ. ಕೆಲವೇ ಮಿಲಿಸೆಕೆಂಡಿಗೊಮ್ಮೆ ಅದು ನೋಡುತ್ತದೆ: ಯಾವ ಥ್ರೆಡ್ ಓಡಲು ತಯಾರಿದೆ, ಯಾವ ಕೋರ್ ಖಾಲಿ ಇದೆ, ಯಾರನ್ನು ಎಲ್ಲಿ ಹಾಕಲಿ. ಮೊದಲು ಎಲ್ಲ ಕೋರ್‌ಗಳೂ ಒಂದೇ ಅಳತೆಯವಾಗಿದ್ದಾಗ ಈ ಕೆಲಸ ಹಗುರ ಇತ್ತು, ಖಾಲಿ ಕಂಡಲ್ಲಿ ಹಾಕಿದರೆ ಮುಗಿಯಿತು. 2021ರ ನವೆಂಬರ್‌ನಲ್ಲಿ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದ ಮೇಲೆ ವಿಂಡೋಸ್ ಲೋಕದಲ್ಲಿ ಅದು ದೊಡ್ಡ ತಲೆನೋವಾಯಿತು. ಅದಕ್ಕಿಂತ ಒಂದು ತಿಂಗಳು ಮುಂಚೆ ಬಂದ ವಿಂಡೋಸ್ 11ನ್ನು ಇದಕ್ಕೆ ಹೊಂದಿಸಿಯೇ ಬಿಟ್ಟಿದ್ದರು.

ಷೆಡ್ಯೂಲರ್‌ಗೆ ಸುಳಿವು ಎರಡು ಕಡೆಯಿಂದ ಬರುತ್ತದೆ. ಒಂದು, ಚಿಪ್‌ನಿಂದಲೇ. ಥ್ರೆಡ್ ಡೈರೆಕ್ಟರ್ ಅಂತ ಅದಕ್ಕೆ ಹೆಸರು. ಮೆಮೊರಿಯಲ್ಲಿ ಒಂದು ಸಣ್ಣ ಕೋಷ್ಟಕ ಇರುತ್ತದೆ. ಪ್ರತಿ ಕೋರ್ ಮುಂದೆ ಅಂಕಿಗಳಿರುತ್ತವೆ, ವೇಗಕ್ಕೆ ಬೇರೆ, ಮಿತವ್ಯಯಕ್ಕೆ ಬೇರೆ. ಚಿಪ್ ಬಿಸಿಯಾದಾಗ, ವಿದ್ಯುತ್ತಿನ ಮಿತಿ ಮುಟ್ಟಿದಾಗ ಹಾರ್ಡ್‌ವೇರೇ ಆ ಅಂಕಿಗಳನ್ನು ತಿದ್ದುತ್ತದೆ. ಓಡುತ್ತಿರುವ ಥ್ರೆಡ್ ಎಂಥ ಕೆಲಸ ಮಾಡುತ್ತಿದೆ, ದೊಡ್ಡ ಕೋರ್ ಕೊಟ್ಟರೆ ನಿಜಕ್ಕೂ ಲಾಭ ಇದೆಯಾ ಅಂತಲೂ ಹಾರ್ಡ್‌ವೇರ್ ಗಮನಿಸಿ ಹೇಳುತ್ತದೆ. ವಿಂಡೋಸ್ ಇದನ್ನೆಲ್ಲ ಓದಿಕೊಂಡು ತೀರ್ಮಾನ ಮಾಡುತ್ತದೆ.

ಎರಡನೇ ಸುಳಿವು ನಿಮ್ಮಿಂದ. ನೀವು ಏನನ್ನು ನೋಡುತ್ತಿದ್ದೀರಿ ಅನ್ನುವುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ನೀವು ಕ್ಲಿಕ್ ಮಾಡಿ ಮುಂದೆ ಇಟ್ಟುಕೊಂಡ ವಿಂಡೋಗೆ ಮೇಲಿನ ದರ್ಜೆ. ಸದ್ದು ಮಾಡುತ್ತಿರುವ ಪ್ರೋಗ್ರಾಂಗೂ ಅದೇ ದರ್ಜೆ, ಹಾಡು ನಡುನಡುವೆ ತುಂಡಾಗಬಾರದಲ್ಲ. ಕಣ್ಣಿಗೆ ಕಾಣುತ್ತಿದೆ, ಆದರೆ ಮುಂದೆ ಇಲ್ಲ ಅಂದರೆ ಮಧ್ಯಮ ದರ್ಜೆ. ಮಿನಿಮೈಸ್ ಮಾಡಿದಿರಿ, ಸದ್ದೂ ಇಲ್ಲ ಅಂದರೆ ಕೆಳದರ್ಜೆ. ಈ ಕೆಳದರ್ಜೆಯವರನ್ನು ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇರುವಾಗ ಸಣ್ಣ ಕೋರ್‌ಗಳಿಗೆ ಕಳಿಸಿಬಿಡುವುದು ಮೈಕ್ರೋಸಾಫ್ಟ್‌ನವರೇ ಬರೆದಿಟ್ಟ ನಿಯಮ. ಚಾರ್ಜರ್ ಹಾಕಿದ್ದರೆ ಅಷ್ಟು ಬಿಗಿ ಇಲ್ಲ. ಈಗ ನಿಮ್ಮ ಕಥೆ ಜೋಡಿಸಿ ನೋಡಿ. ಲೈಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿಗೆ ಬಂತು, ಎಕ್ಸ್‌ಪೋರ್ಟ್ ವಿಂಡೋ ಕೆಳಗೆ ಅಡಗಿ ಕೂತಿದೆ, ಸದ್ದಿಲ್ಲ. ಷೆಡ್ಯೂಲರ್ ಲೆಕ್ಕದಲ್ಲಿ ಇದು ಯಾರೂ ಕಾಯದೇ ಇರುವ ಕೆಲಸ, ಬ್ಯಾಟರಿ ಉಳಿಸೋಣ ಅಂತ ಸಣ್ಣವರ ಪಾಲಿಗೆ ಹಾಕುತ್ತದೆ. ಮದುವೆ ಮನೆಯವರು ಸಂಜೆ ಪೆನ್‌ಡ್ರೈವ್‌ಗೆ ಬರುತ್ತಾರೆ ಅಂತ ಅದಕ್ಕೇನು ಗೊತ್ತು!

ಮಾಡಬೇಕಾದ್ದು ಸುಲಭ. ಎಕ್ಸ್‌ಪೋರ್ಟ್ ನಡೆಯುವಾಗ ಆ ವಿಂಡೋ ಮಿನಿಮೈಸ್ ಮಾಡಬೇಡಿ, ಪರದೆಯ ಒಂದು ಮೂಲೆಯಲ್ಲಾದರೂ ಕಾಣುವ ಹಾಗೆ ಬಿಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಪವರ್ ಅಂಡ್ ಬ್ಯಾಟರಿ, ಅಲ್ಲಿ ಪವರ್ ಮೋಡ್ ಅನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ. ಬ್ಯಾಟರಿ ಸೇವರ್ (ಹೊಸ ಆವೃತ್ತಿಗಳಲ್ಲಿ ಎನರ್ಜಿ ಸೇವರ್) ತಾನಾಗಿ ಆನ್ ಆಗುವುದನ್ನು ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಮ್ಮ ಎಡಿಟಿಂಗ್ ಪ್ರೋಗ್ರಾಂ ಎದುರು ಹಸಿರು ಎಲೆಯ ಗುರುತು ಇದ್ದರೆ ಎಫಿಷಿಯೆನ್ಸಿ ಮೋಡ್ ಹತ್ತಿದೆ ಅಂತ ಅರ್ಥ, ಅದನ್ನೂ ತೆಗೆಯಿರಿ. ಸ್ಟುಡಿಯೋದಲ್ಲಿ ಇನ್ವರ್ಟರ್ ಇದ್ದರೆ ಫ್ಯಾನ್‌ಗೆ ಕೊಡುವ ಲೈನಿನಲ್ಲೇ ಚಾರ್ಜರ್‌ಗೂ ಒಂದು ಪಾಯಿಂಟ್ ಹಾಕಿಸಿ. ಎಡಿಟಿಂಗ್ ಪ್ರೋಗ್ರಾಂನ ಎಕ್ಸ್‌ಪೋರ್ಟ್ ಪುಟದಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಅಂತ ಆಯ್ಕೆ ಇದೆಯಾ ನೋಡಿ. ನಿಮ್ಮ ಚಿಪ್‌ನಲ್ಲಿ ವಿಡಿಯೋ ಕುಗ್ಗಿಸಲಿಕ್ಕೆಂದೇ ಬೇರೆ ಸರ್ಕ್ಯೂಟ್ ಇದೆ, ಅದನ್ನು ಬಳಸಿದರೆ ಕೋರ್‌ಗಳ ಮೇಲಿನ ಭಾರವೇ ಇಳಿಯುತ್ತದೆ.

ಮಾಡಬಾರದ್ದು ಒಂದಿದೆ. ಅಫಿನಿಟಿ ಅಂತ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ, ಪ್ರೋಗ್ರಾಂ ಅನ್ನು ಇಂಥ ಕೋರ್‌ಗೇ ಕಟ್ಟಿಹಾಕುವುದು. ಯೂಟ್ಯೂಬ್‌ನಲ್ಲಿ ಇದನ್ನು ಮಹಾಮಂತ್ರದ ಹಾಗೆ ಹೇಳುವವರು ತುಂಬಾ ಇದ್ದಾರೆ. ದೊಡ್ಡ ಎರಡಕ್ಕೇ ಕಟ್ಟಿದರೆ ಸಣ್ಣ ಎಂಟು ಸುಮ್ನೆ ಕೂರುತ್ತವೆ. ವಿಡಿಯೋ ಎಕ್ಸ್‌ಪೋರ್ಟ್ ಹತ್ತು ಜನ ಹಂಚಿಕೊಂಡು ಮಾಡಬಹುದಾದ ಕೆಲಸ, ಇಬ್ಬರಿಗೆ ಕೊಟ್ಟರೆ ನಿಮಗೇ ನಷ್ಟ. ಇನ್ನು ಪ್ರಯಾರಿಟಿಯನ್ನು ರಿಯಲ್‌ಟೈಮ್‌ಗೆ ಏರಿಸುವುದಂತೂ ಬೇಡವೇ ಬೇಡ. ವಿಂಡೋಸ್‌ನಲ್ಲಿ ಆದ್ಯತೆ 0ಯಿಂದ 31ರವರೆಗೆ, 16ರಿಂದ ಮೇಲಿನದು ರಿಯಲ್‌ಟೈಮ್. ಅಲ್ಲಿಗೆ ಒಂದು ಭಾರಿ ಕೆಲಸ ಏರಿ ಕೂತರೆ ಮೌಸ್ ಕೂಡ ಅಲುಗಾಡಲು ಜಾಗ ಇಲ್ಲದ ಸ್ಥಿತಿ ಬರಬಹುದು.

ಚಾರ್ಜರ್ ಹಾಕಿದ್ದರೂ ಬೇಸಿಗೆಯಲ್ಲಿ ಸ್ವಲ್ಪ ನಿಧಾನ ಆಗಿಯೇ ಆಗುತ್ತದೆ, ಅದಕ್ಕೆ ಬೇರೆ ಕಾರಣ. ನಿಮ್ಮ ಚಿಪ್‌ನ ಮೂಲ ವಿದ್ಯುತ್ ಮಿತಿ 15 ವ್ಯಾಟ್. ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೂ ಏರಬಹುದು, ತಯಾರಕರು ಬಿಟ್ಟರೆ. ಆ 4.4 ಗಿಗಾಹರ್ಟ್ಸ್ ಸಿಗುವುದು ಆ ಸ್ವಲ್ಪ ಹೊತ್ತಿನಲ್ಲೇ. ಆಮೇಲೆ ಬಿಸಿ ಎಷ್ಟು ಹೊರಗೆ ಹೋಗುತ್ತದೋ ಅಷ್ಟೇ ವೇಗ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇರುವಾಗ, ತಗಡಿನ ಮಾಡಿನ ಕೋಣೆಯಲ್ಲಿ, ಫ್ಯಾನಿನ ಜಾಲರಿ ತುಂಬ ಧೂಳು ಕೂತಿರುವಾಗ ಷೆಡ್ಯೂಲರ್ ಎಷ್ಟೇ ಜಾಣ ಇದ್ದರೂ ಏನು ಮಾಡೀತು? ಧೂಳು ತೆಗೆಸಿ. ಅದು ಫಾರ್ಮ್ಯಾಟ್‌ಗಿಂತ ಅಗ್ಗ.

ಪ್ರಶ್ನೆ: ನಾನು ಬೀದರ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜೆನ್ ಪ್ರೊಸೆಸರ್ ಇದೆ, ಉಬುಂಟು ಲಿನಕ್ಸ್ ಹಾಕಿದ್ದೇನೆ. ಇದರಲ್ಲಿ ದೊಡ್ಡದು ಸಣ್ಣದು ಅಂತ ಇಲ್ಲ, ಎಲ್ಲ ಕೋರೂ ಒಂದೇ. ಆದರೂ ಒಂದೇ ಥ್ರೆಡ್‌ನ ಪ್ರೋಗ್ರಾಂ ಓಡಿಸಿದರೆ ಹೆಚ್ಚಾಗಿ ಅದೇ ಒಂದೆರಡು ಕೋರ್‌ಗೆ ಹೋಗುತ್ತದೆ. ಉಳಿದವು ಕೆಟ್ಟಿವೆಯಾ ಸರ್? ನಮಗೆ ಪಾಠದಲ್ಲಿ ರೌಂಡ್ ರಾಬಿನ್, ಅಂದರೆ ಎಲ್ಲರಿಗೂ ಸರದಿಯಲ್ಲಿ ಸಮ ಹೊತ್ತು, ಅಂತ ಹೇಳಿದ್ದಾರೆ, ಇಲ್ಲಿ ಹಾಗೆ ಕಾಣುತ್ತಿಲ್ಲ.

ಉತ್ತರ: ಯಾವುದೂ ಕೆಟ್ಟಿಲ್ಲ. ನೋಡಿ ಬರೆದಿದ್ದೀರಿ, ಖುಷಿಯಾಯಿತು. ಟಾಸ್ಕ್ ಎಲ್ಲಿ ಓಡುತ್ತಿದೆ ಅಂತ ಗಮನಿಸುವವರು ಕಡಿಮೆ.

ಒಂದೇ ನಕ್ಷೆ, ಒಂದೇ ಚೂರು ಸಿಲಿಕಾನ್, ಆದರೂ ಎರಡು ಕೋರ್ ನೂರಕ್ಕೆ ನೂರು ಒಂದೇ ಆಗುವುದಿಲ್ಲ. ತಯಾರಿಕೆಯಲ್ಲಿ ಅಣುಮಟ್ಟದ ಹೆಚ್ಚುಕಡಿಮೆ ಇರುತ್ತದೆ. ಒಂದು ಕೋರ್ ಕಡಿಮೆ ವೋಲ್ಟೇಜ್‌ನಲ್ಲೇ ಜೋರು ಓಡುತ್ತದೆ, ಪಕ್ಕದ್ದು ಅದೇ ವೇಗಕ್ಕೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಕೇಳುತ್ತದೆ. ಹಿಂದೆಲ್ಲ ಎಲ್ಲರನ್ನೂ ನಿಧಾನದವನ ವೇಗಕ್ಕೆ ಕಟ್ಟಿ ಮಾರುತ್ತಿದ್ದರು. 2016ರಲ್ಲಿ ಇಂಟೆಲ್ ತನ್ನ ದುಬಾರಿ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಟರ್ಬೊ ಬೂಸ್ಟ್ ಮ್ಯಾಕ್ಸ್ 3.0 ಅಂತ ತಂದು, ಚೆನ್ನಾಗಿರುವ ಕೋರ್ ಇದು ಅಂತ ಗುರುತು ಹಾಕಿ ಅದನ್ನು ಜಾಸ್ತಿ ಓಡಲು ಬಿಟ್ಟಿತು. ತಮಾಷೆ ಏನೆಂದರೆ ಆಗ ಆಪರೇಟಿಂಗ್ ಸಿಸ್ಟಂಗೆ ಈ ಗುರುತು ಓದಲು ಬರುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಬೇರೆ ಡ್ರೈವರ್ ಹಾಕಿಕೊಳ್ಳಬೇಕಿತ್ತು. ಲಿನಕ್ಸ್‌ಗೆ ಬೆಂಬಲ ಸೇರಿದ್ದು 4.10 ಆವೃತ್ತಿಯಲ್ಲಿ, 2017ರ ಫೆಬ್ರವರಿಗೆ.

ಎಎಮ್‌ಡಿಯವರು 2019ರ ರೈಜೆನ್ 3000 ಸಾಲಿನಿಂದ ಇದೇ ದಾರಿ ಹಿಡಿದರು. ಪ್ರತಿ ಕೋರ್ ಎಷ್ಟು ಗಟ್ಟಿ ಅನ್ನುವ ಅಂಕಿಯನ್ನು ಫರ್ಮ್‌ವೇರ್ (ಕಂಪ್ಯೂಟರ್ ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಹೇಳುತ್ತದೆ, ಸಿಪಿಪಿಸಿ ಅನ್ನುವ ವ್ಯವಸ್ಥೆಯ ಮೂಲಕ. ಅದೇ ವರ್ಷದ ಕೊನೆಗೆ ವಿಂಡೋಸ್ 10ರ 1909 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್‌ನವರು ಇನ್ನೊಂದು ತಿದ್ದುಪಡಿ ತಂದರು: ಒಳ್ಳೆಯ ಕೋರ್ ಒಂದಕ್ಕಿಂತ ಜಾಸ್ತಿ ಇದ್ದರೆ ಕೆಲಸವನ್ನು ಅವುಗಳ ನಡುವೆ ಸರದಿಯಲ್ಲಿ ತಿರುಗಿಸುವುದು. ಲಿನಕ್ಸ್‌ನಲ್ಲಿ ಎಎಮ್‌ಡಿಯ ಈ ಅಂಕಿಗಳನ್ನು ಷೆಡ್ಯೂಲರ್ ಲೆಕ್ಕಕ್ಕೆ ತೆಗೆದುಕೊಳ್ಳಲು ಶುರು ಮಾಡಿದ್ದು ಬಹಳ ತಡ, 2024ರಲ್ಲಿ ಬಂದ 6.9ರಿಂದ. ಹಾಗಾಗಿ ನಿಮ್ಮ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಯಾವ ಆವೃತ್ತಿಯದು ಅಂತ ಒಮ್ಮೆ ನೋಡಿಕೊಳ್ಳಿ. ಎಲ್‌ಎಸ್‌ಸಿಪಿಯು ಕಮಾಂಡ್‌ಗೆ ಹೈಫನ್ ಇ ಸೇರಿಸಿ ಹೊಡೆದರೆ ಕೋರ್‌ನ ಒಂದೊಂದು ಥ್ರೆಡ್‌ಗೂ ಒಂದೊಂದು ಸಾಲು ಬರುತ್ತದೆ, ಗರಿಷ್ಠ ಮೆಗಾಹರ್ಟ್ಸ್‌ನ ಕಾಲಂ ಅಲ್ಲಿದೆ. ಬಿಡುವಿದ್ದಾಗ ಟಾಸ್ಕ್‌ಸೆಟ್ ಕಮಾಂಡ್‌ನಿಂದ ನಿಮ್ಮ ಪ್ರೋಗ್ರಾಂ ಅನ್ನು ಒಂದೊಂದೇ ಕೋರ್‌ಗೆ ಕಟ್ಟಿ ಓಡಿಸಿ ಹೊತ್ತು ಅಳೆಯಿರಿ. ವ್ಯತ್ಯಾಸ ಕಂಡರೂ ಸಣ್ಣದೇ ಇರುತ್ತದೆ. ಮೇಲೆ ಸ್ಟುಡಿಯೋದವರಿಗೆ ಕಟ್ಟಬೇಡಿ ಅಂದವನು ನಿಮಗೆ ಕಟ್ಟಿ ಅನ್ನುತ್ತಿದ್ದೇನೆ, ಯಾಕೆಂದರೆ ನಿಮ್ಮದು ಅಳತೆ, ಅವರದು ಹೊಟ್ಟೆಪಾಡು.

ಇನ್ನು ರೌಂಡ್ ರಾಬಿನ್. ಇಲ್ಲಿ ಎರಡು ಬೇರೆ ಪ್ರಶ್ನೆ ಕಲಸಿಹೋಗಿವೆ. ಒಂದು ಕೋರ್ ಮುಂದೆ ನಾಲ್ಕು ಟಾಸ್ಕ್ ಸಾಲಿನಲ್ಲಿ ನಿಂತಿದ್ದರೆ ಮುಂದಿನ ಸರದಿ ಯಾರದು? ಇದು ಮೊದಲನೆಯದು, ನಿಮ್ಮ ಪಾಠ ಹೇಳುವುದು ಇದರ ಬಗ್ಗೆ. ಹೊಸ ಟಾಸ್ಕ್ ಬಂದರೆ ಅದನ್ನು ಯಾವ ಕೋರ್‌ನ ಸಾಲಿಗೆ ನಿಲ್ಲಿಸಬೇಕು? ಇದು ಎರಡನೆಯದು, ನೀವು ಕಂಡದ್ದು ಇದು. ಮೊದಲನೆಯದಕ್ಕೂ ಲಿನಕ್ಸ್ ಮಾಮೂಲಿ ಟಾಸ್ಕ್‌ಗಳಿಗೆ ರೌಂಡ್ ರಾಬಿನ್ ಬಳಸುವುದಿಲ್ಲ. 2007ರಲ್ಲಿ ಇಂಗೊ ಮೊಲ್ನಾರ್ ಬರೆದ ಸಿಎಫ್‌ಎಸ್ ಅನ್ನುವ ಷೆಡ್ಯೂಲರ್ ಲಿನಕ್ಸ್ 2.6.23ರಲ್ಲಿ ಸೇರಿತು. ಇಲ್ಲಿಯವರೆಗೆ ಯಾರಿಗೆ ಕಡಿಮೆ ಹೊತ್ತು ಸಿಕ್ಕಿದೆಯೋ ಅವರಿಗೆ ಮೊದಲು ಅನ್ನುವುದು ಅದರ ಲೆಕ್ಕ. 2023ರ 6.6ರಿಂದ ಅದರ ಜಾಗಕ್ಕೆ ಇಇವಿಡಿಎಫ್ ಬಂದಿದೆ. ಅದು ಪಾಲಿನ ಜೊತೆಗೆ ಗಡುವನ್ನೂ ನೋಡುತ್ತದೆ, ಬೇಗ ಎದ್ದು ಚೂರು ಕೆಲಸ ಮಾಡಿ ಮಲಗುವ ಟಾಸ್ಕ್‌ಗಳು ಕಾಯುತ್ತ ಕೂರದಿರಲಿ ಅಂತ.

ಎರಡನೇ ಪ್ರಶ್ನೆಯೇ ನಿಜವಾಗಿ ಕಷ್ಟದ್ದು, ಪುಸ್ತಕಗಳಲ್ಲಿ ಅರ್ಧ ಪುಟದಲ್ಲಿ ಮುಗಿಸುವುದೂ ಇದನ್ನೇ. ಒಳ್ಳೆಯ ಕೋರ್ ಖಾಲಿ ಆಯಿತು ಅಂತ ತಕ್ಷಣ ಟಾಸ್ಕ್ ಅನ್ನು ಎತ್ತಿ ಅಲ್ಲಿ ಹಾಕಿದರೆ ಲಾಭ ಅನ್ನಿಸುತ್ತದೆ. ಆದರೆ ಆ ಟಾಸ್ಕ್‌ನ ಡೇಟಾ ಹಳೇ ಕೋರ್‌ನ ಎಲ್1, ಎಲ್2 ಕ್ಯಾಶ್‌ನಲ್ಲಿ, ಅಂದರೆ ಕೋರ್ ಪಕ್ಕದಲ್ಲೇ ಇರುವ ಚಿಕ್ಕ ವೇಗದ ಮೆಮೊರಿಯಲ್ಲಿ, ಇರುತ್ತದೆ. ಹೊಸ ಜಾಗದಲ್ಲಿ ಎಲ್ಲ ಮತ್ತೆ ತುಂಬಿಸಿಕೊಳ್ಳಬೇಕು. ಸಣ್ಣ ಟಾಸ್ಕ್ ಆದರೆ ತುಂಬಿಸುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ. ಎಲ್ಲರನ್ನೂ ಒಳ್ಳೆಯ ಕೋರ್ ಕಡೆಗೇ ನುಗ್ಗಿಸಿದರೆ ಅದರ ಮುಂದೆ ಸಾಲು ಬೆಳೆದು ಪಕ್ಕದ ಸಾಧಾರಣ ಕೋರ್ ಖಾಲಿ ಕೂತಿರುತ್ತದೆ, ಅದೂ ತಪ್ಪು. ಕಾಯುವುದಕ್ಕಿಂತ ನಿಧಾನದ ಕೋರ್‌ನಲ್ಲಿ ಓಡುವುದೇ ಮೇಲು. ಇಂಟೆಲ್‌ನ ದೊಡ್ಡ-ಸಣ್ಣ ಚಿಪ್‌ಗಳಲ್ಲಿ ಭಾರಿ ಕೆಲಸ ತುಂಬುವ ಕ್ರಮ ನೋಡಿ: ಮೊದಲು ದೊಡ್ಡ ಕೋರ್‌ಗಳಿಗೆ ಒಂದೊಂದು ಥ್ರೆಡ್, ಆಮೇಲೆ ಸಣ್ಣ ಕೋರ್‌ಗಳಿಗೆ, ಅವೂ ತುಂಬಿದ ಮೇಲೆ ಕೊನೆಗೆ ದೊಡ್ಡ ಕೋರ್‌ನ ಎರಡನೇ ಥ್ರೆಡ್. ಹಂಚಿಕೊಂಡ ಅರ್ಧ ದೊಡ್ಡದಕ್ಕಿಂತ ಇಡೀ ಸಣ್ಣದು ವಾಸಿ ಅನ್ನುವ ಲೆಕ್ಕ ಅದು. ವೈವಾದಲ್ಲಿ ಇದನ್ನು ಹೇಳಿ ನೋಡಿ. ಪರೀಕ್ಷೆಯಲ್ಲಿ ಮಾತ್ರ ರೌಂಡ್ ರಾಬಿನ್ನೇ ಬರೆಯಿರಿ, ಅಂಕ ಅದಕ್ಕೇ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದಿಂದ. ನನ್ನ ಫೋನ್ ಎಂಟು ಕೋರ್‌ನದು. ಮಧ್ಯಾಹ್ನ ಗೇಮ್ ಆಡಿದರೆ ಸ್ವಲ್ಪ ಹೊತ್ತಿಗೆ ತಡೆತಡೆದು ಓಡುತ್ತದೆ, ರಾತ್ರಿ ಅಂಗಳದಲ್ಲಿ ಕೂತು ಆಡಿದರೆ ಚೆನ್ನಾಗಿರುತ್ತದೆ. ಎಂಟೂ ಕೋರ್ ಬಳಸುವ ಹಾಗೆ ಮಾಡುವ ಬೂಸ್ಟರ್ ಆ್ಯಪ್ ಹಾಕಲಾ ಅಣ್ಣಾ?

ಉತ್ತರ: ಹಾಕಬೇಡ ತಮ್ಮಾ. ರಾತ್ರಿ ಚೆನ್ನಾಗಿ ಓಡುತ್ತದೆ ಅಂತ ನೀನೇ ಬರೆದಿದ್ದೀಯ, ಉತ್ತರ ಅಲ್ಲೇ ಇದೆ. ಬಿಸಿ.

ಫೋನ್‌ನಲ್ಲಿ ದೊಡ್ಡ-ಸಣ್ಣ ಕೋರ್ ಹೊಸದೇನಲ್ಲ. ಚಿಪ್‌ಗಳ ನಕ್ಷೆ ಮಾಡುವ ಆರ್ಮ್ ಕಂಪನಿ 2011ರಲ್ಲೇ ಬಿಗ್‌ಲಿಟಲ್ ಅಂತ ಇದನ್ನು ಸಾರಿತ್ತು, ಕಾರ್ಟೆಕ್ಸ್-ಎ15 ದೊಡ್ಡದು, ಎ7 ಸಣ್ಣದು. ಆಮೇಲೆ ಮೂರು ದರ್ಜೆಯೂ ಬಂತು. 2018ರ ಡಿಸೆಂಬರ್‌ನಲ್ಲಿ ಬಂದ ಸ್ನಾಪ್‌ಡ್ರಾಗನ್ 855ರಲ್ಲಿ ಒಂದು ಕೋರ್ 2.84 ಗಿಗಾಹರ್ಟ್ಸ್, ಮೂರು 2.42, ನಾಲ್ಕು 1.8. ಎಂಟು ಅಂತ ಡಬ್ಬಿ ಮೇಲೆ ಬರೆದಿದ್ದರೂ ಗೇಮ್‌ನ ಮುಖ್ಯ ಥ್ರೆಡ್ ಕಣ್ಣಿಡುವುದು ಆ ಒಂದರ ಮೇಲೆ, ಬಹಳ ಅಂದರೆ ನಾಲ್ಕರ ಮೇಲೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಗುಂಪು ಮಾಡಿಟ್ಟಿರುತ್ತದೆ. ಪರದೆ ಮೇಲೆ ಇರುವ ಆ್ಯಪ್ ಎಲ್ಲ ಕೋರ್ ಮುಟ್ಟಬಹುದು, ಹಿಂದೆ ಇರುವವನ್ನು ಸಾಮಾನ್ಯವಾಗಿ ಸಣ್ಣ ಕೋರ್‌ಗಳಿಗೆ ಸೀಮಿತ ಮಾಡಿರುತ್ತಾರೆ. ನೀನು ಗೇಮ್ ತೆಗೆದ ಕೂಡಲೇ ದೊಡ್ಡ ಕೋರ್ ಅದಕ್ಕೆ ಸಿಕ್ಕೇ ಇರುತ್ತದೆ. ಬೂಸ್ಟರ್ ಆ್ಯಪ್‌ಗೆ ಈ ಗುಂಪು ಬದಲಿಸುವ ಅಧಿಕಾರವೇ ಇಲ್ಲ, ಫೋನ್ ರೂಟ್ ಮಾಡದಿದ್ದರೆ, ಅಂದರೆ ಒಳಗಿನ ಬೀಗ ತೆಗೆದು ಪೂರ್ತಿ ಅಧಿಕಾರ ಕೊಡದಿದ್ದರೆ. ಅದು ಹಿಂದಿನ ಆ್ಯಪ್‌ಗಳನ್ನು ಮುಚ್ಚುತ್ತದೆ, ಅವು ಮತ್ತೆ ಏಳುತ್ತವೆ, ಏಳುವಾಗ ಇನ್ನಷ್ಟು ಬ್ಯಾಟರಿ. ನಡುವೆ ಜಾಹೀರಾತು.

ಮಧ್ಯಾಹ್ನ ಫೋನ್ ಬಿಸಿಯಾದ ಕೂಡಲೇ ಮೊದಲು ವೇಗ ಇಳಿಸುವುದು ಆ ದೊಡ್ಡ ಕೋರ್‌ಗಳದ್ದೇ, ಗ್ರಾಫಿಕ್ಸ್‌ನದ್ದೂ. ಹಿಂದಿನ ರಬ್ಬರ್ ಕವರ್ ತೆಗೆದು ಆಡು, ಚಾರ್ಜ್‌ಗೆ ಹಚ್ಚಿಕೊಂಡು ಆಡಬೇಡ, ಗೇಮ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಒಂದು ಮೆಟ್ಟಿಲು ಇಳಿಸು. ಫ್ರಿಜ್‌ನಲ್ಲಿ ಇಟ್ಟು ತೆಗೆಯುವವರೂ ಇದ್ದಾರಂತೆ. ಒಳಗೆ ನೀರು ಪಸೆ ಕೂರುತ್ತದೆ, ಆ ಹುಚ್ಚು ಬೇಡ.

ಪ್ರಶ್ನೆ: ಹುಮನಾಬಾದ್‌ನಿಂದ ಬರೆಯುತ್ತಿದ್ದೇನೆ. ಗೇಮಿಂಗ್‌ಗೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್) ಇ-ಕೋರ್ ಪೂರ್ತಿ ಆಫ್ ಮಾಡಿದರೆ ಒಳ್ಳೆಯದು ಅಂತ ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಒಂದು ಕಾಲಕ್ಕೆ ಅದಕ್ಕೆ ಕಾರಣ ಇತ್ತು. 12ನೇ ತಲೆಮಾರು ಬಂದ ಹೊಸದರಲ್ಲಿ ಕೆಲವು ಗೇಮ್‌ಗಳ ನಕಲು ತಡೆಯುವ ತಂತ್ರಾಂಶ ಸಣ್ಣ ಕೋರ್‌ಗಳನ್ನು ಕಂಡು ಇದು ಬೇರೆಯೇ ಕಂಪ್ಯೂಟರ್ ಅಂದುಕೊಂಡು ಗೇಮ್ ನಿಲ್ಲಿಸಿಬಿಡುತ್ತಿತ್ತು. ಅದಕ್ಕೆ ಇಂಟೆಲ್‌ನವರು ಕಂಡುಹಿಡಿದ ಉಪಾಯ ಕೇಳಿದರೆ ನಗು ಬರುತ್ತದೆ: ಬಯಾಸ್‌ನಲ್ಲಿ ಒಂದು ಆಯ್ಕೆ ಆನ್ ಮಾಡಿ, ಆಮೇಲೆ ಕೀಬೋರ್ಡ್‌ನ ಸ್ಕ್ರಾಲ್ ಲಾಕ್ ಒತ್ತಿದರೆ ಸಣ್ಣ ಕೋರ್‌ಗಳು ಪಕ್ಕಕ್ಕೆ ಸರಿಯುತ್ತವೆ. ಅಷ್ಟು ವರ್ಷ ಯಾರೂ ಮುಟ್ಟದ ಕೀಗೆ ಕೊನೆಗೂ ಕೆಲಸ ಸಿಕ್ಕಿತು. ಆಮೇಲೆ ಗೇಮ್‌ಗಳೂ ವಿಂಡೋಸೂ ಸರಿಮಾಡಿಕೊಂಡಿವೆ. ಇವತ್ತು ಆಫ್ ಮಾಡಿದರೆ ಹಿಂದೆ ಓಡುವ ಡಿಸ್ಕಾರ್ಡ್, ಬ್ರೌಸರ್, ಆಂಟಿವೈರಸ್ ಎಲ್ಲ ನಿಮ್ಮ ಗೇಮ್ ಇರುವ ದೊಡ್ಡ ಕೋರ್‌ಗೇ ಬಂದು ಕೂರುತ್ತವೆ. ಯಾವುದೋ ಒಂದು ಹಳೇ ಗೇಮ್ ತಕರಾರು ಮಾಡಿದರೆ ಮಾತ್ರ ಆ ಹೊತ್ತಿಗೆ ಆಫ್ ಮಾಡಿ ನೋಡಿ.

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಸೀಜನ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬಹಳ ನಿಧಾನ. ಮಾಲೀಕರು ಹದಿನಾರು ಕೋರ್‌ನ ಕಂಪ್ಯೂಟರ್ ತರಿಸುತ್ತೇನೆ ಅನ್ನುತ್ತಿದ್ದಾರೆ. ತರಿಸಬಹುದೇ?

ಉತ್ತರ: ಮಾಲೀಕರಿಗೆ ಸ್ವಲ್ಪ ತಡೆಯಲು ಹೇಳಿ. ಒಂದು ವರದಿ ತೆಗೆಯಲು ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಬ್ಬಿಗಳನ್ನು ನೋಡಿ. ಒಂದೇ ಡಬ್ಬಿ ತುಂಬಿ ಉಳಿದವು ಖಾಲಿ ಇದ್ದರೆ ಆ ಸಾಫ್ಟ್‌ವೇರ್ ಒಂದೇ ಥ್ರೆಡ್‌ನಲ್ಲಿ ಕೆಲಸ ಮಾಡುತ್ತಿದೆ, ಹದಿನಾರು ಕೊಟ್ಟರೂ ಹದಿನೈದು ಆಕಳಿಸುತ್ತ ಕೂರುತ್ತವೆ. ಜೀನ್ ಆಮ್‌ಡಾಲ್ 1967ರಲ್ಲೇ ತೋರಿಸಿಕೊಟ್ಟ ಲೆಕ್ಕ ಇದು: ಕೆಲಸದ ಅರ್ಧ ಭಾಗ ಹಂಚಲಾಗದ್ದಾದರೆ ಎಷ್ಟೇ ಕೋರ್ ಸೇರಿಸಿದರೂ ಎರಡು ಪಟ್ಟಿಗಿಂತ ಜಾಸ್ತಿ ವೇಗ ಸಿಗದು. ಆರು ಕೋರ್‌ನ ಐ5-12400 ಥರದ್ದು ನೋಡಿ, ಆರೂ ದೊಡ್ಡವೇ, ಸಣ್ಣದು ಒಂದೂ ಇಲ್ಲ. ಯಾವ ಡಬ್ಬಿಯೂ ತುಂಬದೆ ಡಿಸ್ಕ್ ಗ್ರಾಫ್ ನೂರಕ್ಕೆ ಏರಿ ನಿಂತಿದ್ದರೆ ಪ್ರೊಸೆಸರ್ ವಿಷಯವೇ ಅಲ್ಲ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಉಳಿದ ದುಡ್ಡಿನಲ್ಲಿ ಒಂದು ಯುಪಿಎಸ್ ತರಿಸಿ. ಮಿಲ್ಲಿನಲ್ಲಿ ಲೈನ್ ಹೋಗಿ ಜನರೇಟರ್ ಹತ್ತುವ ನಡುವೆ ಬಿಲ್ ಅರ್ಧ ಬರೆದಿದ್ದರೆ ಡೇಟಾ ಫೈಲ್ ಕೆಡಬಹುದು, ಅದನ್ನು ಯಾವ ಕೋರೂ ಸರಿಮಾಡಿ ಕೊಡುವುದಿಲ್ಲ.